ಬೋರ್ಡು ಗೆದ್ದಿರಿ, ಗಲ್ಲಾಪೆಟ್ಟಿಗೆ ಯಾರದು?



೨೦೨೪ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನಿಗೆ ತಿದ್ದುಪಡಿ ತಂದಿತು. ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ ೬೦ ಭಾಗ ಕನ್ನಡ ಇರಲೇಬೇಕು ಎಂದಿತು. ಇದು ಯಾರೋ ಮಂತ್ರಿ ಮನಸ್ಸು ಕರಗಿ ಕೊಟ್ಟ ಭಿಕ್ಷೆಯಲ್ಲ. ೨೦೨೩ರ ಡಿಸೆಂಬರ್‌ನಲ್ಲಿ ಬೀದಿಗಿಳಿದವರು, ಜೈಲು ಕಂಡವರು ಇದ್ದಾರೆ. ಅವರಿಗೆ ನಮಸ್ಕಾರ. ಇವತ್ತು ಬ್ರಿಗೇಡ್ ರಸ್ತೆಯಲ್ಲಿ ತಲೆಯೆತ್ತಿ ನೋಡಿದರೆ ಕನ್ನಡದ ಅಕ್ಷರ ಕಾಣುತ್ತದೆ.

ಈಗ ತಲೆ ತಗ್ಗಿಸಿ ನಿಮ್ಮ ಕೈಯಲ್ಲಿರುವ ಫೋನು ನೋಡಿ.

ಅಂಗಡಿ ಅಲ್ಲಿಗೆ ಹೋಗಿದೆ! ಅಕ್ಕಿ ಅಲ್ಲಿ, ಅಂಗಿ ಅಲ್ಲಿ, ಮಕ್ಕಳ ಆಟದ ಸಾಮಾನು ಅಲ್ಲಿ, ಮನೆ ಗೃಹಪ್ರವೇಶದ ಆಹ್ವಾನ ಪತ್ರಿಕೆಯೂ ಅಲ್ಲಿ. ನಾವು ರಸ್ತೆಯ ಬೋರ್ಡಿಗೆ ಬಣ್ಣ ಹೊಡೆಸುತ್ತಿದ್ದಾಗ ಗಿರಾಕಿ ಹಿಂದಿನ ಬಾಗಿಲಿಂದ ಎದ್ದು ಹೋಗಿದ್ದಾನೆ. ಹೋದ ಕಡೆ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತವರು ಯಾರು? ಅಲ್ಲಿ ಕನ್ನಡಿಗನ ಪಾಲೆಷ್ಟು? ಈ ಪ್ರಶ್ನೆ ಕೇಳುವವರು ಎಷ್ಟು ಜನ?

ನಾನು ಮುದ್ರಣಾಲಯ ನಡೆಸುವವನು. ಪಿಯುಸಿಗೇ ಓದು ನಿಲ್ಲಿಸಿ ಅಚ್ಚಿನ ಮನೆ ಸೇರಿದವನು. ಬಿಲ್ ಬುಕ್, ಕರಪತ್ರ, ಲಗ್ನಪತ್ರಿಕೆ, ನಿಮ್ಮ ರಾಜ್ಯೋತ್ಸವದ ಪೋಸ್ಟರು, ಇವೇ ನನ್ನ ಅನ್ನ. ಯಾವ ಅಂಗಡಿ ಏಳುತ್ತಿದೆ, ಯಾವುದು ಮುಳುಗುತ್ತಿದೆ ಎಂಬುದು ಬ್ಯಾಂಕಿನವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಮೂರು ತಿಂಗಳಿಗೊಮ್ಮೆ ಬಿಲ್ ಬುಕ್ ಹಾಕಿಸುತ್ತಿದ್ದವನು ವರ್ಷವಾದರೂ ಬರಲಿಲ್ಲವೆಂದರೆ ಅರ್ಥ ಮಾಡಿಕೊಳ್ಳಬೇಕು. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ. ಸಿಟ್ಟು ಬಂದರೆ ಬರಲಿ, ಕೊನೆಯವರೆಗೆ ಓದಿ.

ಇಬ್ಬರು ಗೆಳೆಯರ ಅಂಗಡಿ

೨೦೦೭ರಲ್ಲಿ ಇದೇ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ಗೆಳೆಯರು ಸೇರಿ ಫ್ಲಿಪ್‌ಕಾರ್ಟ್ ಶುರು ಮಾಡಿದರು. ಮೊದಲು ಮಾರಿದ್ದು ಪುಸ್ತಕ. ೨೦೧೮ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಆ ಕಂಪನಿಯ ಶೇಕಡಾ ೭೭ರಷ್ಟು ಪಾಲನ್ನು ೧,೬೦೦ ಕೋಟಿ ಡಾಲರಿಗೆ ಕೊಂಡಿತು. ರೂಪಾಯಿ ಅಲ್ಲ ಸ್ವಾಮಿ, ಡಾಲರ್!

ಕನ್ನಡ ನೆಲದಲ್ಲಿ ಹುಟ್ಟಿದ ಈ ಅಂಗಡಿ ಕನ್ನಡದಲ್ಲಿ ಮಾತಾಡಲು ಕಲಿತದ್ದು ಯಾವಾಗ? ೨೦೨೦ರ ಜೂನ್‌ನಲ್ಲಿ. ಹದಿಮೂರು ವರ್ಷ ಬೇಕಾಯಿತು. ಅಮೆಜಾನ್ ಭಾರತದಲ್ಲಿ ಅಂಗಡಿ ತೆರೆದದ್ದು ೨೦೧೩ರಲ್ಲಿ, ಕನ್ನಡ ಕೊಟ್ಟದ್ದು ೨೦೨೦ರ ಸೆಪ್ಟೆಂಬರ್‌ನಲ್ಲಿ. ಅದೂ ನಮ್ಮ ಮೇಲಿನ ಪ್ರೀತಿಗಲ್ಲ. ಇಂಗ್ಲಿಷ್ ಬಲ್ಲ ಗಿರಾಕಿಗಳು ಸಾಲದೆ ಹೋದಾಗ ಸಣ್ಣ ಊರುಗಳ ಗಿರಾಕಿ ಬೇಕಾಯಿತು. ವ್ಯಾಪಾರಿ ಗಿರಾಕಿಯ ಭಾಷೆಗೆ ಬರಲೇಬೇಕು. ಇದರಲ್ಲೇ ಒಂದು ಪಾಠವಿದೆ: ಭಾಷೆಗೆ ಕಾವಲು ಕಾಯುವುದು ಬರೀ ಘೋಷಣೆಯಲ್ಲ, ಗಿರಾಕಿಯ ಜೇಬು.

‘ಅವರು ಉತ್ತರದಿಂದ ಬಂದವರು’ ಎಂದು ಬೈಯುವುದು ಸುಲಭ. ಬೈಗುಳದಿಂದ ಯಾರೂ ಅಂಗಡಿ ತೆರೆದದ್ದಿಲ್ಲ. ಇಬ್ಬರು ಒಬ್ಬರನ್ನೊಬ್ಬರು ನಂಬಿ, ಒಂದು ಕೋಣೆಯಲ್ಲಿ ಕೂತು, ಪುಸ್ತಕದ ಕಟ್ಟು ಕಟ್ಟಿ ಕಳಿಸಿದರು. ಮಲ್ಲೇಶ್ವರದಲ್ಲಿ, ದಾವಣಗೆರೆಯಲ್ಲಿ, ಹುಬ್ಬಳ್ಳಿಯಲ್ಲಿ ಇಬ್ಬರು ಕನ್ನಡದ ಹುಡುಗರಿಗೆ ಅದೇ ಕೆಲಸ ಯಾಕೆ ತೋಚಲಿಲ್ಲ? ಬುದ್ಧಿ ಇರಲಿಲ್ಲವೇ? ಇತ್ತು. ಆ ಬುದ್ಧಿಯನ್ನು ಇನ್ನೊಬ್ಬರ ಕಂಪನಿಯಲ್ಲಿ ಸಂಬಳಕ್ಕೆ ಇಟ್ಟಿದ್ದರು. ಈಗಲೂ ಇಟ್ಟಿದ್ದಾರೆ. ಓದಿದವನು ಅವರ ಕಂಪ್ಯೂಟರಿನ ಮುಂದೆ, ಓದದವನು ಅವರ ಚೀಲ ಹೊತ್ತು ಬೈಕಿನ ಮೇಲೆ. ದುಡಿಮೆ ಯಾವುದೂ ಕೀಳಲ್ಲ. ಆದರೆ ಇಡೀ ಒಂದು ನಾಡಿನ ಯುವಕರು ಬರೀ ಸಂಬಳ ಮತ್ತು ಚೀಲ ಇವೆರಡರಲ್ಲೇ ತೃಪ್ತರಾದರೆ, ಗಲ್ಲಾಪೆಟ್ಟಿಗೆಯ ಹತ್ತಿರ ಹೋಗುವವರು ಯಾರು?

‘ಪಾಲುಗಾರಿಕೆ ನಮಗೆ ಆಗಿಬರಲ್ಲ’ ಎಂಬ ಸುಳ್ಳು

ಹೀಗೆ ಕೇಳಿದರೆ ನಮ್ಮವರಲ್ಲಿ ಒಂದು ಸಿದ್ಧ ಉತ್ತರವಿದೆ. ‘ಕನ್ನಡಿಗರು ಇಬ್ಬರು ಸೇರಿದರೆ ಜಗಳ, ಮೂವರು ಸೇರಿದರೆ ಮೂರು ಸಂಘ.’ ಇದನ್ನು ಹೇಳಿ ನಗುತ್ತಾರೆ. ಪರರು ಹೇಳಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆವು. ನಾವೇ ಹೇಳಿಕೊಂಡು ಚಹಾ ಕುಡಿಯುತ್ತೇವೆ.

ಇದು ಸುಳ್ಳು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಇಡೀ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು. ೧೯೨೫ರಲ್ಲಿ ಉಡುಪಿಯಲ್ಲಿ ಮೂವರು ಸೇರಿದರು: ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಬಂಡವಾಳ ೮,೦೦೦ ರೂಪಾಯಿ. ಸಂಕಷ್ಟದಲ್ಲಿದ್ದ ಊರಿನ ನೇಕಾರರಿಗೆ ಸಾಲ ಕೊಡಬೇಕೆಂಬುದು ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ೧೯೨೮ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟನು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮನೆ ಬಾಗಿಲಿಗೆ ಸೇವೆ, ಚಿಲ್ಲರೆ ಕಾಸಿನ ವ್ಯವಹಾರ, ಸಣ್ಣವರೇ ಗಿರಾಕಿಗಳು. ಇವತ್ತು ದೊಡ್ಡ ಕಂಪನಿಗಳು ಇಂಗ್ಲಿಷಿನಲ್ಲಿ ಹೇಳಿಕೊಂಡು ಬೀಗುವ ಸೂತ್ರ ಇದೇ ಅಲ್ಲವೇ? ನಮ್ಮ ಉಡುಪಿಯವರು ಫೋನೂ ಇಲ್ಲದ ಕಾಲದಲ್ಲಿ ಮಾಡಿ ತೋರಿಸಿದ್ದರು. ಮೂವರೂ ಬೇರೆ ಬೇರೆ ಕಸುಬಿನವರು ಎಂಬುದನ್ನು ಗಮನಿಸಿ. ಒಬ್ಬನಿಗೆ ಮಾಲು ಗೊತ್ತು, ಒಬ್ಬನಿಗೆ ಯಂತ್ರ ಗೊತ್ತು, ಒಬ್ಬನಿಗೆ ಜನ ಗೊತ್ತು. ಪಾಲುದಾರಿಕೆ ಎಂದರೆ ಅದು. ಒಂದೇ ಕೆಲಸ ಬಲ್ಲ ಮೂವರು ಸೇರಿದರೆ ಅದು ಕ್ಯೂ, ಪಾಲುದಾರಿಕೆಯಲ್ಲ.

೧೯೭೩ರಲ್ಲಿ ಅಡಿಕೆ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಹಾಲಿನವರು ನಂದಿನಿ ಕಟ್ಟಿದರು. ಇನ್ನು ಆನ್‌ಲೈನ್ ವ್ಯಾಪಾರದ ಮಾತೇ? ೨೦೧೪ರಲ್ಲಿ ಕರ್ನಾಟಕ ಸರ್ಕಾರ ಒಂದು ಸರಕು ವಿನಿಮಯ ಸಂಸ್ಥೆಯ ಜೊತೆ ಅರ್ಧರ್ಧ ಪಾಲಿನಲ್ಲಿ ಸಂಸ್ಥೆ ಮಾಡಿ ಎಪಿಎಂಸಿ ಮಂಡಿಗಳನ್ನು ಕಂಪ್ಯೂಟರ್ ಹರಾಜಿಗೆ ಜೋಡಿಸಿತು. ದಿಲ್ಲಿಯವರು ಇ-ನಾಮ್ ಎಂದು ಅದೇ ದಾರಿ ಹಿಡಿದದ್ದು ೨೦೧೬ರಲ್ಲಿ. ನಮ್ಮ ರೈತನ ಮೆಣಸಿನಕಾಯಿಗೆ, ಕೊಬ್ಬರಿಗೆ ಯಂತ್ರದಲ್ಲಿ ಬೆಲೆ ಕೂಗುವುದು ಗೊತ್ತಾದ ಮೇಲೆ, ಪದವಿ ಪಡೆದ ನಿಮಗೆ ಆಗುವುದಿಲ್ಲವೇ?

ದೊಡ್ಡವರ ಜೊತೆ ಪಾಲುದಾರಿಕೆ

ಇನ್ನೊಂದು ಗುಂಪಿದೆ. ‘ನಾವು ಈಗಾಗಲೇ ಪಾಲುದಾರರು, ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ನಮ್ಮ ಅಂಗಡಿಯಿದೆ’ ಎನ್ನುತ್ತಾರೆ. ಕಂಪನಿಯೂ ಪತ್ರದಲ್ಲಿ ‘ನಮ್ಮ ಪಾಲುದಾರರೇ’ ಎಂದೇ ಸಂಬೋಧಿಸುತ್ತದೆ. ಪಾಲುದಾರ ಎಂಬ ಮಾತಿಗೆ ೧೯೩೨ರ ಭಾರತೀಯ ಪಾಲುದಾರಿಕೆ ಕಾನೂನಿನಲ್ಲಿ ಅರ್ಥವಿದೆ: ಎಲ್ಲರಿಗಾಗಿ ನಡೆಯುವ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರು. ಆ ಕಂಪನಿ ತನ್ನ ಲಾಭದಲ್ಲಿ ನಿಮಗೆ ಕಾಸು ಕೊಡುತ್ತದೆಯೇ? ಇಲ್ಲ. ಹಾಗಿದ್ದರೆ ನೀವು ಪಾಲುದಾರರಲ್ಲ, ಬಾಡಿಗೆದಾರರು.

ಬಾಡಿಗೆ ಎಷ್ಟು? ಲೆಕ್ಕಕ್ಕೆಂದು ೫೦೦ ರೂಪಾಯಿಯ ಒಂದು ಮಾಲು ಹಿಡಿಯೋಣ. ಕಮಿಷನ್ ಶೇಕಡಾ ೧೫ ಎಂದುಕೊಂಡರೆ ೭೫. ಸಾಗಣೆ ೬೦. ಈ ಎರಡರ ಮೇಲೆ ಶೇಕಡಾ ೧೮ ಜಿಎಸ್‌ಟಿ, ಸುಮಾರು ೨೪. ನಿಮ್ಮ ಮಾಲು ಮೇಲೆ ಕಾಣಲಿ ಎಂದು ಜಾಹೀರಾತಿಗೆ ೨೫. ಕೈಗೆ ಬಂದದ್ದು ೩೧೬. ಮಾಲಿನ ಅಸಲು ೨೬೦ ಆದರೆ ಉಳಿದದ್ದು ೫೬. ಪರವಾಗಿಲ್ಲ ಎನ್ನುತ್ತೀರಾ? ನಿಲ್ಲಿ. ಹತ್ತರಲ್ಲಿ ಎರಡು ವಾಪಸು ಬಂದವು ಎನ್ನಿ. ಒಂದೊಂದಕ್ಕೆ ಹೋಗಿಬರುವ ಖರ್ಚು ೧೨೦. ಎಂಟರ ಲಾಭ ೪೪೮ರಲ್ಲಿ ೨೪೦ ಕಳೆಯಿರಿ. ಹತ್ತು ಮಾಲಿಗೆ ೨೦೮, ಅಂದರೆ ಒಂದಕ್ಕೆ ೨೦ ರೂಪಾಯಿ ಚಿಲ್ಲರೆ! ನಮ್ಮಂಥವರದು ಇನ್ನೂ ಕಷ್ಟ. ಮದುಮಗಳ ಹೆಸರು ಅಚ್ಚು ಹಾಕಿದ ಲೋಟ ವಾಪಸು ಬಂದರೆ ಅದನ್ನು ಇನ್ಯಾವ ಮದುಮಗಳಿಗೆ ಮಾರುವುದು? ಅಸಲೂ ಹೋಯಿತು.

ಹಣದ ಮಾತು ಹೋಗಲಿ. ಗಿರಾಕಿ ಯಾರವನು? ಅವನ ಫೋನ್ ನಂಬರು ನಿಮಗಿಲ್ಲ. ಮುಂದಿನ ವರ್ಷ ಅವನ ಮಗನ ನಾಮಕರಣ ಎಂಬುದು ಕಂಪನಿಯ ಕಂಪ್ಯೂಟರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಚಿಕ್ಕಪೇಟೆಯ ಹಳೆಯ ಜವಳಿ ವ್ಯಾಪಾರಿ ‘ಅಕ್ಕಾ, ದೊಡ್ಡ ಮಗಳ ಮದುವೆಗೆ ನಮ್ಮಲ್ಲೇ ತಗೊಂಡಿದ್ರಿ’ ಎಂದು ಕೂರಿಸಿ ಮಾತಾಡುತ್ತಾನಲ್ಲ, ಆ ನೆನಪೇ ಅವನ ಬಂಡವಾಳ. ಅದನ್ನು ಕೈಯಾರೆ ಬೇರೆಯವರಿಗೆ ಬರೆದುಕೊಟ್ಟು, ನಾವು ಡಿಜಿಟಲ್ ಆದೆವು ಎಂದು ಮೀಸೆ ತಿರುವುತ್ತೇವೆ.

ದೊಡ್ಡವರ ಪಾಲುದಾರಿಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ೨೦೧೪ರಲ್ಲಿ ಅಮೆಜಾನ್ ಮತ್ತು ನಾರಾಯಣ ಮೂರ್ತಿಯವರ ಕೆಟಮರಾನ್ ಸೇರಿ ಪ್ರಿಯೋನ್ ಎಂಬ ಜಂಟಿ ಸಂಸ್ಥೆ ಮಾಡಿದವು. ಸಣ್ಣ ವ್ಯಾಪಾರಿಗಳನ್ನು ಆನ್‌ಲೈನಿಗೆ ತರುವುದು ಉದ್ದೇಶ ಎಂದರು. ಅದರ ಅಂಗಸಂಸ್ಥೆ ಕ್ಲೌಡ್‌ಟೇಲ್ ತಾನೇ ಅಮೆಜಾನ್‌ನ ಅತಿ ದೊಡ್ಡ ಮಾರಾಟಗಾರರಲ್ಲಿ ಒಂದಾಗಿ ಬೆಳೆಯಿತು. ೨೦೨೧ರ ಆಗಸ್ಟಿನಲ್ಲಿ ಇಬ್ಬರೂ ಪಾಲು ಬಿಡುವುದಾಗಿ ಹೇಳಿ ೨೦೨೨ರ ಮೇ ತಿಂಗಳಿಗೆ ಮುಗಿಸಿದರು. ಕಾನೂನು ಮುರಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಸಣ್ಣವರ ಹೆಸರಿನಲ್ಲಿ ಹೂಡಿದ ಪಂದ್ಯದಲ್ಲಿ ದೊಡ್ಡವರೇ ಬೆಳೆದರು ಎಂಬುದು ಕಣ್ಣಿಗೆ ಕಾಣುವ ಸತ್ಯ. ಕೆಲವೇ ಮಾರಾಟಗಾರರಿಗೆ ಮಣೆ ಹಾಕುತ್ತಾರೆಂಬ ದೂರಿನ ಮೇಲೆ ೨೦೨೦ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ತನಿಖೆ ಬೇಡವೆಂದು ಕಂಪನಿಗಳು ಹೋದದ್ದು ನಮ್ಮ ಹೈಕೋರ್ಟಿಗೇ. ೨೦೨೧ರಲ್ಲಿ ಹೈಕೋರ್ಟು ಅವರ ಅರ್ಜಿ ವಜಾ ಮಾಡಿತು. ದೂರು ಕೊಟ್ಟವರು ದಿಲ್ಲಿಯ ವ್ಯಾಪಾರಿಗಳ ಸಂಘ. ಬೆಂಗಳೂರಿನ ವ್ಯಾಪಾರಿಗಳು ಏನು ಮಾಡುತ್ತಿದ್ದರು?

ಹಾಗೆಂದು ಆ ಆ್ಯಪ್‌ಗಳ ಬಾಗಿಲು ಮುಚ್ಚಿ ಎನ್ನುತ್ತಿಲ್ಲ. ಜಾತ್ರೆಯಲ್ಲಿ ಅಂಗಡಿ ಹಾಕುತ್ತೀರಿ, ಜಕಾತಿ ಕೊಡುತ್ತೀರಿ. ಹಾಕಿ. ಆದರೆ ಜಾತ್ರೆ ಮುಗಿದ ಮೇಲೆ ವಾಪಸು ಬರಲು ನಿಮ್ಮದೊಂದು ಅಂಗಡಿ ಇರಬೇಕು.

ನೋಟಿಸಿಗೆ ಹೆದರಿ ಓಡಿದವರು

ಸಣ್ಣ ವ್ಯಾಪಾರಿಯ ಇನ್ನೊಂದು ರೋಗ ಭಯ. ೨೦೨೫ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೆಲ್ಲ ನೋಟಿಸು ಕಳಿಸಿತು. ಮರುದಿನವೇ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಹರಿದು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹ ನೇತಾಡತೊಡಗಿತು. ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಇಲಾಖೆಗೆ ಬುದ್ಧಿ ಬೇಕಿತ್ತು, ನಿಜ. ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಮಾಲಿನವನಿಗೂ ಲಕ್ಷಗಟ್ಟಲೆ ಅಂಕಿ ತೋರಿಸಿ ಹೆದರಿಸಿದರು. ಆದರೆ ನಮ್ಮ ಅಂಗಡಿಯವರ ಪಾಡೇನು? ಅಂಗಡಿಯ ಹಣ, ಚೀಟಿ ಹಣ, ಭಾವಮೈದ ಕೊಟ್ಟ ಕೈಗಡ, ಎಲ್ಲವೂ ಒಂದೇ ನಂಬರಿಗೆ. ಯಾವುದು ವ್ಯಾಪಾರ, ಯಾವುದು ಸ್ವಂತ ಎಂದು ಕೇಳಿದರೆ ಬೆಬ್ಬೆಬ್ಬೆ. ಸರಕು ಮಾರುವವರಿಗೆ ವರ್ಷಕ್ಕೆ ೪೦ ಲಕ್ಷ, ಸೇವೆ ಮಾಡುವವರಿಗೆ ೨೦ ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದನ್ನು ಯಾರೂ ಅವರಿಗೆ ಕನ್ನಡದಲ್ಲಿ ಕೂತು ಹೇಳಲಿಲ್ಲ. ೨೦೨೩ರ ಅಕ್ಟೋಬರ್ ೧ರಿಂದ ಈ ಮಿತಿಯೊಳಗಿನ ಸಣ್ಣ ವ್ಯಾಪಾರಿ, ಪಾನ್ ಕೊಟ್ಟು ಒಂದು ದಾಖಲಾತಿ ನಂಬರು ಪಡೆದು, ರಾಜ್ಯದೊಳಗೆ ಆನ್‌ಲೈನ್ ವೇದಿಕೆಗಳಲ್ಲಿ ಸರಕು ಮಾರಬಹುದು, ಪೂರ್ಣ ನೋಂದಣಿ ಬೇಕಿಲ್ಲ. ಇದು ನಿಮ್ಮ ಬೀದಿಯ ಎಷ್ಟು ಅಂಗಡಿಯವರಿಗೆ ಗೊತ್ತು? ಹೋಗಿ ಕೇಳಿ ನೋಡಿ.

ಹೇಳಬೇಕಾದವರು ನೀವು. ನಿಮ್ಮಪ್ಪ, ಚಿಕ್ಕಪ್ಪ, ಸೋದರಮಾವ ಇಟ್ಟಿರುವ ಅಂಗಡಿಯಲ್ಲಿ ಮಾಲಿದೆ, ಹೆಸರಿದೆ, ಮೂವತ್ತು ವರ್ಷದ ನಂಬಿಕೆಯಿದೆ. ಅವರಿಗೆ ಪರದೆ ಗೊತ್ತಿಲ್ಲ. ನಿಮಗೆ ಪರದೆ ಗೊತ್ತಿದೆ, ಮಾಲಿಲ್ಲ. ಈ ಎರಡೂ ಸೇರುವುದೇ ನಾನು ಹೇಳುವ ಪಾಲುದಾರಿಕೆ. ಅಂಗಡಿಯ ಹುಡುಗನಾಗಿ ಅಲ್ಲ, ‘ಸ್ವಲ್ಪ ಫೋನ್ ನೋಡಿಕೊಡಪ್ಪಾ’ ಎಂಬ ಬಿಟ್ಟಿ ಚಾಕರಿಗೂ ಅಲ್ಲ, ಪತ್ರ ಬರೆದುಕೊಂಡು ಪಾಲು ಹಿಡಿದು!

ಅಂಗಡಿ ಇಬ್ಬರದು, ಕೀಲಿ ಒಬ್ಬನದು

ಪತ್ರದ ಮಾತು ಬಂತು. ಇದನ್ನು ಗಮನವಿಟ್ಟು ಓದಿ.

ನನ್ನಲ್ಲಿ ಬಿಲ್ ಬುಕ್, ಲೇಬಲ್ ಹಾಕಿಸುತ್ತಿದ್ದ ಇಬ್ಬರು ಹುಡುಗರಿದ್ದರು. ಕನ್ನಡ ಬರಹದ ಟೀ ಶರ್ಟು ಮಾರುತ್ತಿದ್ದರು. ಒಳ್ಳೆ ವ್ಯಾಪಾರ. ಎರಡು ವರ್ಷದ ಮೇಲೆ ಮನಸ್ತಾಪ ಬಂತು, ಬೇರೆಯಾದರು. ಪಾಲುದಾರಿಕೆ ಪತ್ರ ತೆಗೆದು ನೋಡಿದರೆ ಹೊಲಿಗೆ ಯಂತ್ರ, ಮೇಜು, ಫ್ಯಾನು ಎಲ್ಲವನ್ನೂ ಬರೆದಿದ್ದರು. ಆನ್‌ಲೈನ್ ಅಂಗಡಿಯ ಖಾತೆ ಮಾತ್ರ ಒಬ್ಬನ ಸ್ವಂತ ಇಮೇಲಿನಲ್ಲಿ, ಅವನದೇ ಫೋನ್ ನಂಬರಿನಲ್ಲಿ. ಸಾವಿರಾರು ಗಿರಾಕಿಗಳ ಪಟ್ಟಿ, ಅವರು ಬರೆದ ಒಳ್ಳೆ ಮಾತುಗಳು, ಅಂಗಡಿಯ ಹೆಸರು, ಎಲ್ಲ ಅವನೊಂದಿಗೇ ಹೋಯಿತು. ಇನ್ನೊಬ್ಬನ ಪಾಲಿಗೆ ಫ್ಯಾನು ಬಂತು!

ಹಳೆಯ ಕಾಲದ ಪತ್ರ ಬರಹಗಾರನಿಗೆ ಅಂಗಡಿ ಎಂದರೆ ಗೋಡೆ ಮತ್ತು ಗಲ್ಲಾ. ಇವತ್ತಿನ ಅಂಗಡಿ ಪಾಸ್‌ವರ್ಡಿನಲ್ಲಿದೆ. ಆದ್ದರಿಂದ ಪತ್ರದಲ್ಲಿ ಇಷ್ಟು ಬರೆದುಕೊಳ್ಳಿ:

ಒಂದು, ವೆಬ್‌ಸೈಟಿನ ವಿಳಾಸ, ಮಾರಾಟ ಖಾತೆ, ವಾಟ್ಸಾಪ್ ನಂಬರು, ಗಿರಾಕಿಗಳ ಪಟ್ಟಿ, ಚಿತ್ರಗಳು ಸಂಸ್ಥೆಯ ಸ್ವತ್ತು, ಯಾವೊಬ್ಬ ಪಾಲುದಾರನದೂ ಅಲ್ಲ. ಸಿಮ್ಮು, ಇಮೇಲು ಎರಡನ್ನೂ ಸಂಸ್ಥೆಗೆಂದೇ ಬೇರೆ ತೆಗೆದುಕೊಳ್ಳಿ. ಪಾಸ್‌ವರ್ಡು ಇಬ್ಬರಿಗೂ ಗೊತ್ತಿರಲಿ.

ಎರಡು, ಹಣವೆಲ್ಲ ಸಂಸ್ಥೆಯ ಹೆಸರಿನ ಚಾಲ್ತಿ ಖಾತೆಗೆ. ಕ್ಯೂಆರ್ ಚೀಟಿ ಅದೇ ಖಾತೆಯದು. ನೋಟಿಸು ಬಂದರೂ ಎದೆ ಹೊಡೆದುಕೊಳ್ಳುವುದಿಲ್ಲ.

ಮೂರು, ಲಾಭದ ಪಾಲು ಎಷ್ಟೆಂದು ಅಂಕಿಯಲ್ಲಿ ಬರೆಯಿರಿ. ಬರೆಯದಿದ್ದರೆ ಕಾನೂನಿನ ಕಣ್ಣಿಗೆ ಎಲ್ಲರಿಗೂ ಸಮಪಾಲು. ಬಂಡವಾಳ ಹಾಕಿದವನು, ಮೈ ಮುರಿದು ದುಡಿದವನು ಇಬ್ಬರೂ ಆಮೇಲೆ ಗೊಣಗುವಂತಾಗಬಾರದು.

ನಾಲ್ಕು, ವಾಪಸು ಬಂದ ಮಾಲಿನ ನಷ್ಟ ಯಾರಿಗೆ, ರಿಯಾಯಿತಿ ಕೊಡುವ ಮುನ್ನ ಯಾರನ್ನು ಕೇಳಬೇಕು, ಬಿಟ್ಟುಹೋಗುವವನಿಗೆ ಎಷ್ಟು ದಿನದಲ್ಲಿ ಲೆಕ್ಕ ತೀರಿಸಬೇಕು ಎಂಬುದನ್ನು ಸ್ನೇಹ ಬಿಸಿಯಾಗಿರುವಾಗಲೇ ಬರೆದುಬಿಡಿ. ಜಗಳ ಬಂದ ಮೇಲೆ ಪೆನ್ನಿಗೆ ಇಂಕು ಇಳಿಯುವುದಿಲ್ಲ.

ಐದು, ಸಂಸ್ಥೆಯನ್ನು ನೋಂದಣಿ ಮಾಡಿಸಿ. ಕಾನೂನಿನಲ್ಲಿ ಇದು ಕಡ್ಡಾಯವಲ್ಲ. ಆದರೆ ನೋಂದಣಿಯಾಗದ ಸಂಸ್ಥೆ, ಕರಾರಿನಂತೆ ತನಗೆ ಬರಬೇಕಾದ ಬಾಕಿಗೆ ಹೊರಗಿನವರ ಮೇಲೆ ದಾವೆ ಹೂಡಲು ೧೯೩೨ರ ಕಾನೂನಿನ ೬೯ನೇ ಕಲಮು ಅಡ್ಡ ಬರುತ್ತದೆ. ಅವರು ಮಾತ್ರ ನಿಮ್ಮ ಮೇಲೆ ಹೂಡಬಹುದು!

ಇನ್ನೊಂದನ್ನೂ ತಿಳಿದಿರಿ. ಸಾದಾ ಪಾಲುದಾರಿಕೆಯಲ್ಲಿ ಒಬ್ಬ ಪಾಲುದಾರ ವ್ಯಾಪಾರಕ್ಕೆಂದು ಮಾಡಿದ ಸಾಲಕ್ಕೆ ಉಳಿದವರ ಮನೆಮಠವೂ ಹೊಣೆ. ಅದಕ್ಕೆ ಹೆದರುವವರಿಗೆ ೨೦೦೮ರ ಕಾನೂನಿನಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಇದೆ. ಬರವಣಿಗೆ ಕೆಲಸ ಜಾಸ್ತಿ, ಮನೆಗೆ ರಕ್ಷಣೆಯೂ ಜಾಸ್ತಿ. ಆಡಿಟರನ್ನು ಕೇಳಿ, ವ್ಯಾಪಾರದ ಅಳತೆ ನೋಡಿ ಆಯ್ದುಕೊಳ್ಳಿ.

ಅಚ್ಚಿಗೆ ಕನ್ನಡ, ಕಂಪ್ಯೂಟರಿಗೆ ಕಸ

ಈಗ ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಮುದ್ರಣಾಲಯಗಳ ಕಂಪ್ಯೂಟರಿನಲ್ಲಿ ಇಪ್ಪತ್ತೈದು ವರ್ಷದ ಕನ್ನಡ ತುಂಬಿದೆ. ಕ್ಯಾಟಲಾಗು, ದರಪಟ್ಟಿ, ಕರಪತ್ರ. ಆದರೆ ಅದರಲ್ಲಿ ಬಹುಪಾಲು ಹಳೆಯ ಫಾಂಟುಗಳಲ್ಲಿದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಕಾಗದದ ಮೇಲೆ ಮುತ್ತಿನಂಥ ಕನ್ನಡ. ಫಾಂಟು ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸದ ರಾಶಿ. ಗೂಗಲ್ ಆಗಲಿ, ಯಾವ ಅಂಗಡಿಯ ಹುಡುಕು ಪೆಟ್ಟಿಗೆಯಾಗಲಿ ಅದನ್ನು ಕನ್ನಡವೆಂದು ಓದುವುದಿಲ್ಲ. ಯುನಿಕೋಡಿನಲ್ಲಿದ್ದರೆ ಮಾತ್ರ ಓದುತ್ತದೆ.

ಇದರ ಪರಿಣಾಮ ಏನು? ಇಳಕಲ್ಲಿನ ನೇಕಾರನ ಸೀರೆಯ ವಿವರ ಕನ್ನಡದಲ್ಲಿ ಅಚ್ಚಾಗಿದೆ, ಆದರೆ ‘ಇಳಕಲ್ ಸೀರೆ’ ಎಂದು ಕನ್ನಡದಲ್ಲಿ ಹುಡುಕಿದವಳಿಗೆ ಅವನ ಅಂಗಡಿ ಸಿಗುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮುದ್ರೆ ಇದೆ, ಗೊಂಬೆ ಮಾಡುವವನ ಹೆಸರು ಕನ್ನಡದಲ್ಲಿ ಎಲ್ಲೂ ಇಲ್ಲ. ಮಾರುವವನು ನಾಲ್ಕನೇ ಕೈಯವನು, ಬರೆಯುವ ಭಾಷೆ ಇಂಗ್ಲಿಷ್. ಹೀಗೆ ಮಾಲೂ ನಮ್ಮದು, ಭಾಷೆಯೂ ನಮ್ಮದು, ಲಾಭ ಮಾತ್ರ ಅವರದು.

ನನ್ನ ಮುದ್ರಣಾಲಯದಲ್ಲಿ ಒಂದು ಪ್ರಯೋಗ ನಡೆದಿದೆ. ಪ್ರತ್ಯೇಕ ಸಂಸ್ಥೆ ಮಾಡಿ ಇಬ್ಬರು ಯುವಕರನ್ನು ಪಾಲಿಗೆ ತೆಗೆದುಕೊಂಡೆ. ಯಂತ್ರ, ಕಾಗದ ನನ್ನ ಕೆಲಸ. ಕನ್ನಡ ವಿನ್ಯಾಸ ಒಬ್ಬಳದು. ಒತ್ತಕ್ಷರ ಒಡೆಯದಂತೆ ಅವಳು ಕೂರಿಸುವುದನ್ನು ನೋಡಿದರೆ ಹಿಂದೆ ಮೊಳೆ ಜೋಡಿಸುತ್ತಿದ್ದ ಹಿರಿಯರೂ ಭೇಷ್ ಎನ್ನಬೇಕು. ಆರ್ಡರು, ರವಾನೆ, ಲೆಕ್ಕ ಇನ್ನೊಬ್ಬನದು. ಮನೆಯ ನಾಮಫಲಕ, ಮಕ್ಕಳ ಅಕ್ಷರಮಾಲೆ, ನಾಮಕರಣದ ಕಾರ್ಡು ಮಾಡುತ್ತೇವೆ. ಮಾಲಿನ ವಿವರ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಹಿಂದೆ ಸಾವಿರ ಪ್ರತಿಗಿಂತ ಕಡಿಮೆಯಾದರೆ ಪ್ಲೇಟಿನ ಖರ್ಚೂ ಹುಟ್ಟುತ್ತಿರಲಿಲ್ಲ. ಈಗ ಡಿಜಿಟಲ್ ಯಂತ್ರದಲ್ಲಿ ಇಪ್ಪತ್ತು ಪ್ರತಿಯನ್ನೂ ತೆಗೆಯಬಹುದು. ಮುಂಬೈ, ಪುಣೆಯ ಕನ್ನಡದ ಮನೆಗಳಿಂದ ಆರ್ಡರು ಬರುತ್ತದೆ. ಅವರ ಮೊಮ್ಮಕ್ಕಳಿಗೆ ಕನ್ನಡದ ಅಕ್ಷರಮಾಲೆ ಬೇಕು, ಅಲ್ಲಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಕೋಟಿ ಸಂಪಾದಿಸಿಲ್ಲ. ಮೂರು ಮನೆಯ ಒಲೆ ಉರಿಯುತ್ತಿದೆ, ಗಿರಾಕಿಯ ಹೆಸರು ನಮ್ಮ ಪುಸ್ತಕದಲ್ಲಿದೆ. ಕನ್ನಡ ನಮಗೆ ಭಾರವಾಗಲಿಲ್ಲ, ಬಂಡವಾಳವಾಯಿತು.

ಆಟೋದವರು ತೋರಿಸಿದ ದಾರಿ

ನಮ್ಮಂಥ ಮೂರು ಜನರಿಂದ ಏನಾದೀತು ಎನ್ನುತ್ತೀರಾ? ದೊಡ್ಡ ಗುಂಪಿನ ಉದಾಹರಣೆಯನ್ನೂ ಕೊಡುತ್ತೇನೆ. ದೊಡ್ಡ ಆ್ಯಪ್‌ಗಳು ಬಾಡಿಗೆಯಲ್ಲಿ ಕಮಿಷನ್ ಕತ್ತರಿಸುತ್ತವೆ ಎಂದು ಬೆಂಗಳೂರಿನ ಆಟೋ ಚಾಲಕರು ರೋಸಿ ಹೋಗಿದ್ದರು. ಬರೀ ಕಲ್ಲು ತೂರಿ ಮನೆಗೆ ಹೋಗಲಿ ಎಂದು ಕಾದವರಿಗೆ ನಿರಾಶೆಯಾಯಿತು. ೨೦೨೨ರ ನವೆಂಬರ್‌ನಲ್ಲಿ ಚಾಲಕರ ಸಂಘ ಜಸ್‌ಪೇ ಎಂಬ ತಂತ್ರಜ್ಞಾನ ಕಂಪನಿಯ ಜೊತೆ ಸೇರಿ ‘ನಮ್ಮ ಯಾತ್ರಿ’ ತಂದಿತು. ಹೆಸರೇ ಕನ್ನಡ. ಕಮಿಷನ್ ಇಲ್ಲ, ಬಾಡಿಗೆ ಪೂರ್ತಿ ಚಾಲಕನಿಗೆ. ಆಮೇಲೆ ದಿನಕ್ಕೆ ೨೫ ರೂಪಾಯಿಯ ಶುಲ್ಕ ತಂದರು. ೨೦೨೩ರಲ್ಲಿ ಅದು ಸರ್ಕಾರದ ಬೆಂಬಲವಿರುವ ಓಎನ್‌ಡಿಸಿ ಎಂಬ ತೆರೆದ ಜಾಲಕ್ಕೆ ಸೇರಿತು. ಆ ಜಾಲ ೨೦೨೨ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕರ ಪ್ರಯೋಗಕ್ಕೆ ತೆರೆದದ್ದೂ ಬೆಂಗಳೂರಿನಲ್ಲೇ.

ಅದು ಚಾಲಕರ ಸ್ವಂತ ಕಂಪನಿಯಲ್ಲ ಎಂಬುದನ್ನು ಮರೆಯಬಾರದು. ಮುಂದಿನ ಹೆಜ್ಜೆ ಅದಾಗಬೇಕು. ಆದರೂ ಸಂಘಟನೆ ಮತ್ತು ತಂತ್ರಜ್ಞಾನ ಕೈ ಜೋಡಿಸಿದರೆ ಕಮಿಷನ್ನಿನ ಬೆನ್ನು ಮುರಿಯಬಹುದು ಎಂದು ಖಾಕಿ ಅಂಗಿಯವರು ತೋರಿಸಿಕೊಟ್ಟರು. ಟೈ ಕಟ್ಟಿದವರು ಯಾವಾಗ ಕಲಿಯುತ್ತಾರೆ?

೨೦೨೩ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಆನ್‌ಲೈನ್ ಮೂಲಕ ಹಾಲು ತರುತ್ತೇವೆ ಎಂದಾಗ ‘ನಂದಿನಿ ಉಳಿಸಿ’ ಎಂದು ನಾವೆಲ್ಲ ಕೂಗಿದೆವು. ಕೂಗಬೇಕಾದದ್ದೇ. ಆದರೆ ಅವರು ಆರಿಸಿಕೊಂಡ ದಾರಿ ಗಮನಿಸಿದಿರಾ? ಹಾಲಿನ ಬೂತಲ್ಲ, ಫೋನು. ಮುಂದಿನ ಎಲ್ಲ ದಾಳಿಯೂ ಅದೇ ದಾರಿಯಲ್ಲಿ ಬರುತ್ತದೆ. ಆ ದಾರಿಯಲ್ಲಿ ನಮ್ಮ ಅಂಗಡಿ ಮೊದಲೇ ಇದ್ದರೆ ಕೂಗುವ ಪ್ರಮೇಯವೇ ಇರುವುದಿಲ್ಲ.

ಕೇಳಬೇಕಾದದ್ದು, ಮಾಡಬೇಕಾದದ್ದು

ಸರ್ಕಾರಗಳನ್ನು ಕೇಳೋಣ. ೨೦೧೧ರ ಪೊಟ್ಟಣ ಸರಕುಗಳ ನಿಯಮದಲ್ಲಿ ಬೆಲೆ, ತೂಕ, ತಯಾರಕರ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಎಂದಿದೆ. ಕನ್ನಡ ಒಂದರಲ್ಲೇ ಅಚ್ಚು ಹಾಕಿದ ಕೊಪ್ಪಳದ ಹಪ್ಪಳದ ಪೊಟ್ಟಣ ಈ ದೇಶದಲ್ಲಿ ನಿಯಮಬಾಹಿರ! ಲೇಬಲ್ ಅಚ್ಚು ಹಾಕುವವನಾಗಿ ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಈ ನಿಯಮ ಬದಲಾಗಬೇಕು. ತೆರಿಗೆ ಇಲಾಖೆಯ ನೋಟಿಸು, ಸಂಸ್ಥೆ ನೋಂದಣಿಯ ಅರ್ಜಿ ಸಾಮಾನ್ಯನಿಗೆ ಅರ್ಥವಾಗುವ ಕನ್ನಡದಲ್ಲಿ ಬರಬೇಕು. ಕರ್ನಾಟಕದಲ್ಲಿ ಮಾರುವ ಪ್ರತಿ ಆ್ಯಪ್ಪೂ ದೂರು, ವಾಪಸಾತಿ, ಕರಾರಿನ ಷರತ್ತು ಎಲ್ಲವನ್ನೂ ಕನ್ನಡದಲ್ಲಿ ಕೊಡಬೇಕು. ಬೋರ್ಡಿಗೆ ಶೇಕಡಾ ೬೦ ಕೇಳಿದ ನಾವು ಪರದೆಯನ್ನು ಯಾಕೆ ಬಿಟ್ಟಿದ್ದೇವೆ?

ಆದರೆ ಕೇಳುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಕನ್ನಡ ಸಂಘಗಳಿಗೆ ನನ್ನದೊಂದು ಸವಾಲು. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲು ತೆಗೆಯಿರಿ. ಪ್ರತಿ ಬಡಾವಣೆಯಲ್ಲಿ ಭಾನುವಾರ ಒಂದು ಮೇಜು ಹಾಕಿ. ಒಬ್ಬ ಆಡಿಟರು, ಒಬ್ಬ ವಕೀಲ, ಇಬ್ಬರು ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರನ್ನು ಕೂರಿಸಿ. ಬೀದಿಯ ಅಂಗಡಿಯವರು ಬರಲಿ. ಖಾತೆ ಬೇರೆ ಮಾಡಿಕೊಡಿ, ಮಾಲಿನ ವಿವರ ಯುನಿಕೋಡ್ ಕನ್ನಡದಲ್ಲಿ ಬರೆದುಕೊಡಿ, ಪಾಲುದಾರಿಕೆ ಪತ್ರ ಕನ್ನಡದಲ್ಲಿ ತಯಾರು ಮಾಡಿಕೊಡಿ. ಇದಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಡ.

ಮತ್ತೆ ನೀವು? ನಿಮ್ಮ ಸುತ್ತ ಕಣ್ಣಾಡಿಸಿ. ಚೆನ್ನಾಗಿ ಚಕ್ಕುಲಿ ಮಾಡುವ ಅತ್ತೆ ಇದ್ದಾರೆ. ಬೀಗ ರಿಪೇರಿಯ ಸಾಬರಿದ್ದಾರೆ. ಕಸೂತಿ ಹಾಕುವ ಅಕ್ಕ ಇದ್ದಾರೆ. ಅವರಲ್ಲೊಬ್ಬರು, ನೀವೊಬ್ಬರು, ಲೆಕ್ಕ ಬಲ್ಲ ಗೆಳೆಯನೊಬ್ಬ. ಮೂವರಾಯಿತು. ೮,೦೦೦ ರೂಪಾಯಿಯಲ್ಲಿ ಬ್ಯಾಂಕು ಕಟ್ಟಿದ ನಾಡು ಇದು. ಹನಿಗೂಡಿದರೆ ಹಳ್ಳ ಎಂದು ಗಾದೆ ಹೇಳಿ ಮುಗಿಸುವ ಕಾಲ ಹೋಯಿತು, ಹನಿ ಕೂಡಿಸುವ ಪತ್ರಕ್ಕೆ ಸಹಿ ಹಾಕುವ ಕಾಲ ಬಂದಿದೆ.

ನವೆಂಬರ್ ೧ಕ್ಕೆ ಬಾವುಟ ಏರಿಸಿ, ಯಾರೂ ಬೇಡ ಎನ್ನುವುದಿಲ್ಲ. ನವೆಂಬರ್ ೨ಕ್ಕೆ ಬ್ಯಾಂಕಿಗೆ ಹೋಗಿ ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯಿರಿ. ಅರ್ಜಿಯನ್ನು ಕನ್ನಡದಲ್ಲೇ ತುಂಬಿ. ಕೌಂಟರಿನವನು ಗೊಣಗಿದರೆ ಮ್ಯಾನೇಜರನ್ನು ಕರೆಸಿ. ಗಿರಾಕಿಯಾಗಿ ನಿಂತವನ ಕನ್ನಡಕ್ಕೆ ಎಷ್ಟು ಬೆಲೆಯಿದೆ ಎಂಬುದು ಆವತ್ತು ನಿಮಗೇ ಗೊತ್ತಾಗುತ್ತದೆ. ಮಾಲೀಕನಾಗಿ ನಿಂತವನ ಕನ್ನಡಕ್ಕೆ ಅದರ ಹತ್ತರಷ್ಟು ಬೆಲೆ.